ಕರಿಕೋಟೆಯ ರಾಜನಿಗೆ ಉತ್ತರ ಬೇಕಿತ್ತು

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಹೋಟೆಲಿದೆ. ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ನನ್ನ ಅಕ್ಕನ ಗಂಡ. ಒಂದು ವಿದೇಶಿ ವಿಡಿಯೋ ಗೇಮಿನ ಕನ್ನಡ ಆವೃತ್ತಿಯಲ್ಲಿ, ಲೋಕದ ನದಿಗಳನ್ನೆಲ್ಲ ಕೋಟೆಯೊಳಗೆ ಬೀಗ ಹಾಕಿಟ್ಟುಕೊಂಡಿರುವ ರಾಜನೂ ಅವರೇ. ಕೆಲವು ತಿಂಗಳು ಈ ಎರಡೂ ಕೆಲಸಗಳನ್ನು ಅವರು ಒಟ್ಟಿಗೆ ಮಾಡಿದರು. ಬೆಳಿಗ್ಗೆ ಇಡ್ಲಿಯ ಲೆಕ್ಕ, ಮಧ್ಯಾಹ್ನ ಲೋಕಕಂಟಕತ್ವ. ಎರಡಕ್ಕೂ ಅದೇ ಬಿಳಿ ಷರ್ಟು.

ನಾನು ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದು ನಿವೃತ್ತನಾದವನು. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಬೇರೆಯವರು ಹೇಳಿದ್ದನ್ನು ಹೇಳಿದರು ಎಂದೂ ಬೇರೆ ಬೇರೆ ಇಡುವುದು ರೂಢಿಯಾಗಿದೆ. ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದನ್ನು ನಾನು ಕಂಡಿದ್ದೇನೆ. ನಂಬಲು ಕಷ್ಟವಾಗುವ ಭಾಗಗಳೆಲ್ಲ ಕಂಡವುಗಳೇ.

ಅಕ್ಕನ ಮಗಳು ಐರೋಲಿಯ ಒಂದು ಕಂಪನಿಯಲ್ಲಿದ್ದಾಳೆ. ಹೊರದೇಶದಲ್ಲಿ ತಯಾರಾದ ಆಟಗಳಿಗೆ ನಮ್ಮ ಭಾಷೆಗಳಲ್ಲಿ ಮಾತು ಕೂಡಿಸುವುದು ಅಲ್ಲಿಯ ಕೆಲಸ. ಆಗ ಅವಳಿನ್ನೂ ಕಾಂಟ್ರಾಕ್ಟಿನ ಮೇಲಿದ್ದಳು. ಒಂದು ಹಳೆಯ ಇಂಗ್ಲಿಷ್ ಮಹಾಕಥೆಯನ್ನು ಆಧರಿಸಿದ ಆಟ ಬಂದಿತ್ತು. ದಪ್ಪ ದಪ್ಪ ಸಂಪುಟಗಳು, ಮಂತ್ರ, ಡ್ರ್ಯಾಗನ್, ಪುಟಗಟ್ಟಲೆ ಕುದುರೆ ಸವಾರಿ. ಅದನ್ನು ಹಿಂದೆಯೂ ಹಲವು ಸಲ ಆಟ ಮಾಡಿದ್ದರಂತೆ. ಈ ಸಲ ಭಾರತದ ಭಾಷೆಗಳಿಗೂ ತರುವ ಉದ್ದೇಶ. ಹಿಂದಿ, ತಮಿಳು, ತೆಲುಗಿಗೆ ಧ್ವನಿ ಇರಲಿ, ಕನ್ನಡಕ್ಕೆ ಪರದೆಯ ಅಡಿಯಲ್ಲಿ ಅಕ್ಷರ ಹಾಕಿದರೆ ಸಾಕು ಎಂದು ಮೀಟಿಂಗಿನಲ್ಲಿ ಮಾತಾಯಿತು. ಆಗ ಇವಳು ಕೈಯೆತ್ತಿ, ಕನ್ನಡದ ಧ್ವನಿಯನ್ನು ನಾನು ಮಾಡಿಸುತ್ತೇನೆ ಎಂದಳಂತೆ. ಮ್ಯಾನೇಜರ್ ಒಪ್ಪಿದ. ಕನ್ನಡ ಆವೃತ್ತಿ ಪಾಸಾದರೆ ಅವಳ ನೌಕರಿ ಪರ್ಮನೆಂಟ್. ಆಗದಿದ್ದರೆ ಆಟದ ಜೊತೆಗೆ ಅವಳ ಕಾಂಟ್ರಾಕ್ಟೂ ಮುಗಿಯುತ್ತದೆ.

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಬರುವುದು ಹಿಂದಿಯಲ್ಲಿ. ಸಿಟ್ಟು ಬಂದರೆ ಮರಾಠಿಯಲ್ಲಿ. ಮನೆಯಲ್ಲಿ ನಡೆಯುವುದು ತುಳು. ಭಾವ ಮಾತ್ರ ವಾದಕ್ಕೆ ಇಳಿದ ಕೂಡಲೇ ಕನ್ನಡಕ್ಕೆ ಬರುತ್ತಾರೆ. ನಿನಗೆ ಕನ್ನಡದ ಉಸಾಬರಿ ಯಾಕೆ ಬೇಕಿತ್ತು ಎಂದು ಅವಳನ್ನು ಕೇಳಿದೆ.

"ಪತಾ ನಹೀ ಮಾಮಾ," ಎಂದಳು. "ಹಾಥ್ ಉಠ್ ಗಯಾ."

ಕೈ ತಾನಾಗಿ ಎದ್ದಿತ್ತು. ಅನುವಾದಕ್ಕೆ ನನ್ನನ್ನು ಹಿಡಿದಳು. ಇನ್ನು ಬೇಕಾದದ್ದು ಧ್ವನಿಗಳು.

ರಾಜನ ಪಾತ್ರಕ್ಕೆ ಕೆಲವು ವೃತ್ತಿಪರರ ಧ್ವನಿಯ ತುಣುಕುಗಳನ್ನು ಆಟ ತಯಾರಿಸಿದ ವಿದೇಶದವರಿಗೆ ಕಳಿಸಬೇಕಿತ್ತು. ಜೊತೆಗೆ ತನ್ನ ಅಪ್ಪನದ್ದನ್ನೂ ಸೇರಿಸಿದಳು. ಭಾವ ಗ್ರೈಂಡರ್ ರಿಪೇರಿಯವನಿಗೆ ಬೈಯುತ್ತಿದ್ದಾಗ ಅವಳು ಮೊಬೈಲಿನಲ್ಲಿ ಹಿಡಿದದ್ದು ಅದು. ವಿದೇಶದವರು ಆರಿಸಿದ್ದು ಅದನ್ನೇ. ಈ ಧ್ವನಿಯಲ್ಲಿ ಸಾವಿರ ವರ್ಷಗಳ ದುಃಖವಿದೆ ಎಂದು ಅಲ್ಲಿಂದ ಬರೆದರು. ದುಃಖಕ್ಕೆ ಕಾರಣ ತರಿತರಿಯಾದ ದೋಸೆ ಹಿಟ್ಟು ಎಂದು ಇಲ್ಲಿಂದ ಯಾರೂ ಬರೆಯಲಿಲ್ಲ.

ಭಾವ ತಾಳಮದ್ದಳೆಯ ಅರ್ಥಧಾರಿ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಇಬ್ಬರು ಪಾತ್ರಗಳಾಗಿ ಅದರ ಅರ್ಥ ಹೇಳುತ್ತಾರೆ. ಪದ್ಯ ನಾಲ್ಕು ಸಾಲಿನದ್ದಾದರೆ ಅರ್ಥಕ್ಕೆ ಅಳತೆ ಇಲ್ಲ. ಬರೆದುಕೊಂಡು ಬರುವಂತಿಲ್ಲ, ಎದುರಿನವರು ಕೇಳಿದ್ದಕ್ಕೆ ಉತ್ತರ ಅಲ್ಲೇ ಹುಟ್ಟಬೇಕು. ಉಡುಪಿಯ ಕಡೆಯಿಂದ ಬಂದವರು ಡೊಂಬಿವಲಿಯಲ್ಲಿ ಕಟ್ಟಿಕೊಂಡಿರುವ ಕೂಟದಲ್ಲಿ ಭಾವನಿಗೆ ಸಿಗುವುದು ಯಾವಾಗಲೂ ಸೋಲುವ ರಾಜರ ಪಾತ್ರ. ಅವರಿಗೆ ಅದರಲ್ಲಿ ಬೇಸರವಿಲ್ಲ. ಕಥೆಯಲ್ಲಿ ಸೋಲು ಇದ್ದದ್ದೇ, ಮಾತಿನಲ್ಲಿ ಸೋಲಬೇಕೆಂದು ಯಾರು ಹೇಳಿದರು ಎನ್ನುತ್ತಾರೆ.

ಆಟದ ಕಥೆ ಸರಳ. ಕರಿಕೋಟೆಯ ರಾಜ ನದಿಗಳನ್ನು ಸೆರೆ ಹಿಡಿದಿದ್ದಾನೆ. ಅಂಬಿಗನ ಮನೆಯ ಒಂದು ಮಗು ಕತ್ತಿ ಹಿಡಿದು ಅವನನ್ನು ಹುಡುಕಿಕೊಂಡು ಬರುತ್ತದೆ. ಆಡುವವರು ತಮಗೆ ಬೇಕಾದಂತೆ ಅಂಬಿಗನ ಮಗನಾಗಬಹುದು, ಮಗಳಾಗಬಹುದು. ಕೊನೆಯಲ್ಲಿ ಇಬ್ಬರೂ ಮುಖಾಮುಖಿಯಾದಾಗ ರಾಜನಿಗೆ ಇರುವುದು ಮೂರು ವಾಕ್ಯ. ಮಗನಿಗೂ ಮಗಳಿಗೂ ಹೊಂದುವಂತೆ ನಾನು ಅದನ್ನು ಹೀಗೆ ಕೂರಿಸಿದ್ದೆ: "ಏನು ಧೈರ್ಯ! ಈ ನದಿಗಳು ನನ್ನವು. ನೀನು ಇಲ್ಲಿಂದ ಜೀವಂತ ಹೋಗಲಾರೆ." ಅದಕ್ಕೆ ಎದುರಿನ ಉತ್ತರ, "ನಿನ್ನ ಕಾಲ ಮುಗಿಯಿತು!" ಆಮೇಲೆ ಕಾಳಗ.

ರೆಕಾರ್ಡಿಂಗಿನ ದಿನ ನಾವು ಥಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಐರೋಲಿಗೆ ಹೋದೆವು. ಭಾವ ಕೂಟಕ್ಕೆ ಹೋಗುವವರ ಹಾಗೆ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿಕೊಂಡಿದ್ದರು. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಸ್ಪಂಜು ಬಡಿದ ಸಣ್ಣ ಕೋಣೆ. ಗಾಜಿನ ಆಚೆ ಥಾಣೆಯ ಒಬ್ಬ ಮರಾಠಿ ಯುವಕ, ರೆಕಾರ್ಡಿಸ್ಟ್. ಭಾವ ಗೋಡೆಯನ್ನು ಒತ್ತಿ ನೋಡಿದರು, ಕೂತರು, ಸುತ್ತ ನೋಡಿದರು.

"ಭಾಗವತರು ಎಲ್ಲಿ?"

"ಪಪ್ಪಾ, ಭಾಗವತ ನಹೀ ಹೈ. ಸ್ಕ್ರೀನ್ ಪೇ ಲೈನ್ ಆಯೇಗಾ, ಬಸ್ ಪಢ್ ದೋ."

"ಪದ್ಯ ಇಲ್ಲದೆ ಅರ್ಥ ಹೇಳುದು ಹೇಗೆ ಮಗಾ?"

ಅಷ್ಟರಲ್ಲಿ ಪರದೆಯ ಮೇಲೆ ನನ್ನ ಮೂರು ವಾಕ್ಯ ಬಂತು. ಭಾವ ಕನ್ನಡಕ ಏರಿಸಿ ಓದಿದರು. ಅವರ ಮುಖದ ಗೊಂದಲ ಹೋಯಿತು.

"ಓ, ಇದಾ ಪದ್ಯ? ಸ್ವಲ್ಪ ಗಿಡ್ಡ ಆಯ್ತು ಮಾರಾಯಾ. ಅಡ್ಡಿ ಇಲ್ಲ, ಸುಧಾರಿಸುವಾ. ಎದುರು ಯಾರು?"

ಎದುರು ಯಾರೂ ಇಲ್ಲ, ಒಬ್ಬೊಬ್ಬರದ್ದನ್ನು ಬೇರೆ ಬೇರೆ ದಿನ ತೆಗೆಯುತ್ತಾರೆ ಎಂದು ಹೇಳಿದರೆ ಅವರಿಗೆ ಅದು ತಿಳಿಯಲೇ ಇಲ್ಲ. ಎದುರಿಗೆ ಮನುಷ್ಯನಿಲ್ಲದೆ ಮಾತಾಡುವವರನ್ನು ಊರಿನಲ್ಲಿ ಏನೆನ್ನುತ್ತಾರೆ ಗೊತ್ತುಂಟಲ್ಲ ಎಂದರು. ಕೊನೆಗೆ ನಾನು ಒಳಗೆ ಹೋಗಿ ಎದುರಿನ ಸ್ಟೂಲಿನ ಮೇಲೆ ಅಂಬಿಗನ ಮಗನಾಗಿ ಕೂತೆ. ಭಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮೂರು ವಾಕ್ಯವನ್ನು ಸರಿಯಾಗಿಯೇ ಓದಿದರು. ಅಲ್ಲಿಗೆ ಪದ್ಯ ಮುಗಿಯಿತು. ಶಾಲು ಸರಿಮಾಡಿಕೊಂಡು ಅರ್ಥ ಶುರುಮಾಡಿದರು.

"ಅಂಬಿಗನ ಮನೆಯ ಕೂಸೇ, ಬಂದೆಯಾ? ಬಾ. ನದಿಗಳನ್ನು ನಾನು ಕದ್ದೆ ಎನ್ನುತ್ತಿದ್ದೀಯಂತೆ. ಕಳವು ಎಂದರೇನು? ಒಬ್ಬನು ಕಾಪಾಡಿಕೊಂಡು ಬಂದದ್ದನ್ನು ಇನ್ನೊಬ್ಬನು ಎತ್ತಿಕೊಂಡು ಹೋಗುವುದು. ಹಾಗಾದರೆ ಹೇಳು, ನೀವು ಕಾಪಾಡಿದ್ದಿರಾ? ನಿಮ್ಮ ಕೈಯಲ್ಲಿದ್ದಾಗ ನದಿಯ ನೀರು ಯಾವ ಬಣ್ಣದಲ್ಲಿತ್ತು? ಸೋಮವಾರ ಹಸಿರು. ಬುಧವಾರ ಗುಲಾಬಿ. ಶುಕ್ರವಾರ ಯಾವುದೆಂದು ಹೇಳಲು ಭಾಷೆಯಲ್ಲಿ ಶಬ್ದವಿಲ್ಲ. ಮೀನುಗಳು ತಮ್ಮದು ಯಾವ ಊರೆಂದು ತಿಳಿಯದೆ ಮೇಲೆ ಬಂದು ಅಂಗಾತ ಮಲಗಿದವು. ಕಿಟಕಿ ಮುಚ್ಚಿಕೊಂಡು ಊಟ ಮಾಡಿದವರು ನೀವು. ಆ ನೀರನ್ನು ನಿಮ್ಮಿಂದ ಬಿಡಿಸಿಕೊಂಡು ಬಂದವನು ನಾನು. ಈಗ ಹೇಳು, ಕಳ್ಳ ಯಾರು?"

ಹಸಿರು, ಗುಲಾಬಿ ಮಹಾಕಥೆಯ ಯಾವ ಸಂಪುಟದಲ್ಲೂ ಇಲ್ಲ. ಭಾವನ ಬಿಲ್ಡಿಂಗ್ ಇಂಡಸ್ಟ್ರಿಯಲ್ ಏರಿಯಾದ ಬಗಲಿಗಿದೆ. ಅವರ ಬಾಲ್ಕನಿಯಿಂದ, ಕಾರ್ಖಾನೆಗಳ ಬಣ್ಣದ ನೀರು ಹೊತ್ತು ನಾರುವ ಒಂದು ನಾಲೆ ಕಾಣುತ್ತದೆ. ಮೇಲೆ ಬರೆದದ್ದು ಅವರ ಅರ್ಥದ ಪೀಠಿಕೆ ಮಾತ್ರ. ಅಲ್ಲಿಂದ ಅವರು ಒಡೆತನ ಎಂದರೇನು, ದಾಹ ಎಂದರೇನು, ಉಪಯೋಗಿಸುವವನಿಗೂ ಪ್ರೀತಿಸುವವನಿಗೂ ಏನು ವ್ಯತ್ಯಾಸ ಎಂದು ಹೋಗಿ, ಒಂದು ಸುತ್ತು ಹಾಕಿ, ಪುನಃ ಬಣ್ಣಕ್ಕೆ ಬಂದು ನಿಂತರು. ಒಂದೂ ಭಾಷಾದೋಷ ಇರಲಿಲ್ಲ. ರೆಕಾರ್ಡಿಸ್ಟ್ ಮಧ್ಯದಲ್ಲಿ ಹೆಡ್‌ಫೋನ್ ತೆಗೆದು ಅಕ್ಕನ ಮಗಳನ್ನು ಏನೋ ಕೇಳಿದ್ದು ಗಾಜಿನ ಮೂಲಕ ಕಂಡಿತು. ಆಮೇಲೆ ತಿಳಿದದ್ದು, ಅವನು ಕೇಳಿದ್ದು "ಕಾಕಾ ಕಾ ಚಿಡಲೇತ?" ಕಾಕಾನಿಗೆ ಸಿಟ್ಟು ಯಾಕೆ ಬಂತು ಎಂದು.

ಭಾವ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನನಗೆ ಬರೆದಿದ್ದ ಮಾತನ್ನು ಓದಿದೆ. "ನಿನ್ನ ಕಾಲ ಮುಗಿಯಿತು!"

"ಇದು ಎಂತ ಉತ್ತರ?"

"ಇರುವುದು ಇಷ್ಟೇ, ಭಾವಾ."

"ಬರೆದದ್ದು ಯಾರು?"

"ಮಹಾಕಥೆ ಬರೆದವರು."

"ಪಾಪ," ಎಂದರು.

ಮುಂದೆ ಮಾತಿಲ್ಲದ ಸದ್ದುಗಳನ್ನು ತೆಗೆಯಬೇಕಿತ್ತು. ಏಟು ಬಿದ್ದಾಗ, ಎತ್ತರದಿಂದ ಬಿದ್ದಾಗ, ಬೆಂಕಿ ತಗಲಿದಾಗ ರಾಜ ಮಾಡುವ ಸದ್ದು. ತಾಳಮದ್ದಳೆಯಲ್ಲಿ ಏಟು ಬೀಳುವುದು ಭಾಗವತರ ಪದ್ಯದಲ್ಲಿ; ಅರ್ಥಧಾರಿ ಆಗ ನೀರು ಕುಡಿಯುತ್ತಿರುತ್ತಾನೆ. ಎತ್ತರದಿಂದ ಬಿದ್ದದ್ದು ಯಾಕೆ, ಯಾರಾದರೂ ದೂಡಿದರೋ ತಾನೇ ಹಾರಿದನೋ, ಹಾರಿದರೆ ಕಾರಣವೇನು ಎಂದು ಭಾವ ಕೇಳಿದರು. ಅದು ಗೊತ್ತಾಗದೆ ರಾಜ ಬಾಯಿ ತೆರೆಯುವ ಹಾಗಿಲ್ಲ. ರೆಕಾರ್ಡಿಸ್ಟ್ ತಾಳ್ಮೆಯ ಹುಡುಗ. ಭಾವ ಚಹಾದಲ್ಲಿ ನಾಲಿಗೆ ಸುಟ್ಟುಕೊಂಡಾಗ ಬಂದ ಸದ್ದನ್ನು ಬೆಂಕಿಗೂ, ಹೊರಡುವಾಗ ಸ್ಟೂಲಿನಿಂದ ಏಳುತ್ತ ಸೊಂಟ ಹಿಡಿದುಕೊಂಡದ್ದನ್ನು ಏಟಿಗೂ ಬಳಸಿದ.

ವಿದೇಶದವರಿಗೆ ಮೊದಲು ಕೇಳಿಸಿದ್ದು ಬರೀ ಮೂರು ವಾಕ್ಯದ ತುಣುಕನ್ನು. ಆ ಕಾಲ್ ನಡೆಯುವಾಗ ನಾನು ಅಲ್ಲಿದ್ದೆ. ಅವರಿಗೆ ಹಿಡಿಸಲಿಲ್ಲ. ಹೇಳಬೇಕೆಂದರೆ ನನಗೂ ಅದು ಕೌಂಟರಿನಲ್ಲಿ ಪಾರ್ಸೆಲ್ ನಂಬರ್ ಕೂಗಿದ ಹಾಗೆ ಕೇಳಿತ್ತು. ನಮಗೆ ಮೊದಲು ಕಳಿಸಿದ್ದ ಆ ರಾಜನೆಲ್ಲಿ ಎಂದು ಆಚೆಯ ಮನುಷ್ಯ ಕೇಳಿದ. ಅಕ್ಕನ ಮಗಳು ರೆಕಾರ್ಡಿಸ್ಟನ ಮುಖ ನೋಡಿದಳು. ಅವನು ಇಡೀ ಅರ್ಥವನ್ನು ಹಾಕಿದ. ಇದೇ, ಇದೇ ಎಂದು ಆ ಮನುಷ್ಯ ಕೂಗಿದ. ಆಮೇಲೆ, ಇದೆಲ್ಲವೂ ಮೂಲದಲ್ಲಿ ಇರುವುದೇ ತಾನೇ, ಇಷ್ಟು ಉದ್ದ ಯಾಕೆ ಎಂದು ಕೇಳಿದ.

ಅಕ್ಕನ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಕನ್ನಡ ಉದ್ದವಾದ ಭಾಷೆ ಎಂದಳು.

ಆ ಕಂಪನಿಯಲ್ಲಿ ಇದು ಈಗ ತಾಂತ್ರಿಕ ಮಾಹಿತಿಯಾಗಿ ಉಳಿದಿದೆ. ಬೇರೆ ಭಾಷೆಗಳಿಗೆ ಒಂದು ದಿನ ಇಟ್ಟ ಕಡೆ ಕನ್ನಡಕ್ಕೆ ಮೂರು ದಿನ ಇಡುತ್ತಾರಂತೆ.

ಇನ್ನು ಉಳಿದದ್ದು ಪರೀಕ್ಷೆ. ಆಟವನ್ನು ಕೊನೆಯವರೆಗೆ ಆಡಿ ತಪ್ಪು ಹುಡುಕಲು ಕನ್ನಡ ಮಾತೃಭಾಷೆಯ, ಕಂಪನಿಗೆ ಸಂಬಂಧವಿಲ್ಲದ ಜನ ಬೇಕೆಂದು ವಿದೇಶದವರ ನಿಯಮ. ಕನ್ನಡ ಸಂಘದ ಮೂಲಕ ಮೂವರು ಸಿಕ್ಕಿದರು. ಮುಲುಂಡಿನಿಂದ ಸೇತುವೆ ದಾಟಿ ಬರುತ್ತಿದ್ದ ಇಬ್ಬರು ಅಕ್ಕತಂಗಿಯರು, ಮಂಗಳೂರಿನ ಕಡೆಯವರು. ಮತ್ತೊಬ್ಬರು ಶಹಾಡಿನ ಒಬ್ಬ ಹಿರಿಯರು, ವಿಜಯಪುರದ ಕಡೆಯವರು. ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಆಟ ಆಡುವುದನ್ನು ಅವರಿಗೆ ಕಲಿಸಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಸರಿಯಾಗಿ ಬರೆದುಕೊಳ್ಳುವ ಕೆಲಸ ನನಗೆ ಬಂತು.

ಅಕ್ಕತಂಗಿಯರು ಕುದುರೆಗೆ ನೀರು ಕುಡಿಸದೆ ಮುಂದೆ ಹೋಗಲು ಒಪ್ಪಲಿಲ್ಲ. ನದಿಗಳೇ ಇಲ್ಲದ ಲೋಕ. ಇಡೀ ಬೆಳಿಗ್ಗೆ ಅದರಲ್ಲೇ ಹೋಯಿತು. ಯಾರದೋ ಮನೆಯ ಬಾಗಿಲು ತಳ್ಳಿ ಒಳಗೆ ಹೋಗಿ ಪೆಟ್ಟಿಗೆ ತೆರೆಯಬೇಕಾದ ಕಡೆ, "ಮನೆಯಲ್ಲಿ ಜನ ಇಲ್ಲದಾಗ ಹೇಗೆ ಹೋಗುದು ಮಾರಾಯ್ರೆ?" ಎಂದು ಹೊರಗೇ ನಿಂತರು. ಕರಿಕೋಟೆಯವರೆಗೆ ತಲುಪಿದವರು ಶಹಾಡಿನ ಹಿರಿಯರು ಮಾತ್ರ. ಅವರ ಕೈಗಳಿಗೆ ಯಂತ್ರದ ಅಭ್ಯಾಸವಿತ್ತು.

ರಾಜ ಮಾತಾಡುವಾಗ ಆಡುವವರ ಕತ್ತಿ ಏಳುವುದಿಲ್ಲ. ಮಾತು ಬೇಡವಾದರೆ ಒಂದು ಗುಂಡಿ ಒತ್ತಿ ದಾಟಬಹುದು. ಅದನ್ನು ತೋರಿಸಿದೆ. ಹಿರಿಯರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಮನಶ್ಯಾ ಮಾತಾಡಾಕತ್ತಾನ. ತಡೀರಿ."

ಪೂರ್ತಿ ಕೇಳಿದರು. ಗುಲಾಬಿ ಬಣ್ಣದ ಮಾತು ಬಂದಾಗ ತಲೆಯಾಡಿಸಿದರು. ಕೊನೆಗೆ ಪರದೆಯ ಮೇಲೆ ಅಂಬಿಗನ ಮಗ ಎದೆ ಸೆಟೆಸಿ, "ನಿನ್ನ ಕಾಲ ಮುಗಿಯಿತು!" ಎಂದು ಕತ್ತಿ ಎಳೆದ. ಹಿರಿಯರು ಆಟದ ಯಂತ್ರವನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟರು.

"ಬರಕೋರಿ," ಎಂದರು. "ರಾಜಾ ಕೇಳಿದ್ದಕ್ಕ ಈ ಹುಡುಗ ಉತ್ತರ ಕೊಟ್ಟಿಲ್ಲ."

"ಅದು ತಪ್ಪು ಎಂದು ಹೇಗೆ ಬರೆಯಲಿ ಸಾರ್? ಆಟ ನಿಂತಿಲ್ಲ. ಕತ್ತಿ ಬೀಸಬಹುದು."

"ನಾ ಬೀಸಂಗಿಲ್ಲಲ್ರೀ. ಆಡಾಂವ ನಿಂತ ಅಂದ್ರ ಆಟ ನಿಂತಂಗ. ಬರಕೋರಿ. ದೊಡ್ಡ ದೋಷ."

ಬರೆದುಕೊಂಡೆ. ಸಾಕ್ಷಿ ಹೇಳಿದ್ದನ್ನು ತಿದ್ದುವುದು ನನ್ನ ಕೆಲಸವಾಗಿರಲಿಲ್ಲ. ಅಲ್ಲಿಯ ನಿಯಮದ ಪ್ರಕಾರ ದೋಷಗಳಿಗೆ ದರ್ಜೆಗಳಿವೆ. ಸಣ್ಣ ದೋಷ ಇದ್ದರೂ ಆಟ ಹೊರಗೆ ಹೋಗಬಹುದು. ಆಟವನ್ನು ನಿಲ್ಲಿಸುವ ದೋಷವೊಂದು ಉಳಿದರೂ ಹೋಗುವಂತಿಲ್ಲ. ಅದನ್ನು ಕಂಪನಿಯವರು ಅಳಿಸುವಂತಿಲ್ಲ. ಎತ್ತಿದವರೇ ಮತ್ತೆ ಆಡಿ, ಸರಿಯಾಗಿದೆ ಎಂದು ಒಪ್ಪಬೇಕು. ಹೀಗೆ ಅಕ್ಕನ ಮಗಳ ನೌಕರಿ ಶಹಾಡಿನ ಒಬ್ಬ ನಿವೃತ್ತ ಇನ್‌ಸ್ಪೆಕ್ಟರರ ನ್ಯಾಯಬುದ್ಧಿಯ ಮೇಲೆ ನಿಂತಿತು.

ಅವಳೂ ನಾನೂ ಅವರ ಮನೆಗೆ ಹೋದೆವು. ಅವಲಕ್ಕಿ ಕೊಟ್ಟರು. ಅವಳು ತನ್ನ ಕಷ್ಟವನ್ನು ಮುಚ್ಚುಮರೆ ಇಲ್ಲದೆ ಹಿಂದಿಯಲ್ಲಿ ಹೇಳಿದಳು. ಅವರು ಪ್ರೀತಿಯಿಂದ ಕೇಳಿದರು.

"ನೋಡವ್ವಾ, ನಿನ್ನ ನೌಕರಿ ಉಳೀಲಿ. ಆದ್ರ ದೋಷ ಇದ್ದ ಪೀಸು ನಾ ಪಾಸ್ ಮಾಡಂಗಿಲ್ಲ. ಅಂವಾ ಭಾಳ ಸೀದಾ ಕೇಳ್ಯಾನ, ನಿಮ್ಮ ಕೈಯಾಗ ಇದ್ದಾಗ ಯಾವ ಬಣ್ಣ ಇತ್ತು ಅಂತ. ನಾವು ಶಹಾಡದಾಗ ಕಾರ್ಖಾನಿ ಬಗಲಾಗ ಇರಾವ್ರು, ನಮಗ ಗೊತ್ತಿಲ್ಲೇನು? ಉತ್ತರ ಕೊಡ್ರಿ, ನಾನೇ ಬಂದು ಕತ್ತಿ ಬೀಸ್ತೀನಿ."

"ಅಂಕಲ್, ಗೇಮ್ ಹೈ," ಎಂದಳು ಅವಳು.

"ಗೇಮ್ ಇದ್ರೂ ಅಷ್ಟ ಅಲ್ಲೇನವ್ವಾ."

ಡೊಂಬಿವಲಿಯಲ್ಲಿ ಅಕ್ಕ ಎಲ್ಲವನ್ನೂ ಕೇಳಿ ಗಂಡನ ಕಡೆಗೆ ತಿರುಗಿದಳು. "ನಿಮ್ಮ ಬಾಯಿಯಿಂದ ಹೋಟೆಲಿನ ಅಡಿಗೆಯವರು ಹೋದರು, ವಾಚ್‌ಮನ್ ಹೋದ. ಈಗ ಮಗಳ ನೌಕರಿ. ಮೂರು ಮಾತು ಹೇಳಿ ಬರ್ಲಿಕ್ಕೆ ಆಗ್ಲಿಲ್ಲವಾ?"

"ನಾನು ಹೇಳಿದ್ದರಲ್ಲಿ ತಪ್ಪು ಎಂತ ಉಂಟು?"

"ತಪ್ಪು ಇಲ್ಲದ್ದೇ ತೊಂದರೆ ಆದದ್ದು," ಎಂದೆ. "ಸ್ವಲ್ಪ ತಪ್ಪು ಮಾತಾಡಿ, ಭಾವಾ. ಸೋಲುವ ಹಾಗೆ."

ಭಾವ ಮಗಳನ್ನು ನೋಡಿದರು. ಅವಳು ಮೊಬೈಲನ್ನು ನೋಡುತ್ತಿದ್ದಳು. ಸೋಲುವುದು ತನಗೆ ಹೊಸದಲ್ಲ, ಕೆಟ್ಟದಾಗಿ ಮಾತಾಡಿ ಸೋಲು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ ಎಂದರು. ಆದರೂ ಮಾರನೆಯ ದಿನವೇ ಬಂದರು. ಅದನ್ನು ಇಲ್ಲಿ ದಾಖಲಿಸಬೇಕು. ಸ್ಪಂಜಿನ ಕೋಣೆಯಲ್ಲಿ ಕೂತು, ಮಗಳಿಗಾಗಿ, ತಮ್ಮ ಜೀವನದಲ್ಲೇ ಮೊದಲ ಸಲ ಕೆಟ್ಟ ಅರ್ಥ ಹೇಳಿದರು. ಆ ರಾಜನಿಗೆ ನದಿಗಳನ್ನು ಯಾಕೆ ತಂದೆನೆಂದೇ ನೆನಪಿರಲಿಲ್ಲ. ಬೇಕಾದರೆ ತೆಗೆದುಕೊಂಡು ಹೋಗಬಹುದು ಎನ್ನುವ ಧಾಟಿಯಲ್ಲಿ ಮಾತಾಡಿದ.

ವಿದೇಶದವರು ಕೇಳಿ, ನಿಮ್ಮ ನಟರಿಗೆ ಆರೋಗ್ಯ ಸರಿಯಿಲ್ಲವೇ ಎಂದು ವಿಚಾರಿಸಿದರು. ಶಹಾಡಿನ ಹಿರಿಯರು ಅರ್ಧಕ್ಕೇ ಕೈಯೆತ್ತಿದರು.

"ಇಂವಾ ಬ್ಯಾರೆ ಅದಾನ. ಮೊದಲಿನ ರಾಜನ್ನ ಕರೀರಿ."

ಉಳಿದದ್ದು ಒಂದೇ ದಾರಿ, ಉತ್ತರ ಕೊಡುವುದು. ಮಗನ ಪಾತ್ರಕ್ಕೆ ಧ್ವನಿ ಕೊಟ್ಟ ಬೆಂಗಳೂರಿನ ನಟ ತನ್ನ ಭಾಗ ಮುಗಿಸಿ ಬೇರೆ ಕೆಲಸಕ್ಕೆ ಹೋಗಿದ್ದ. ಮಗಳ ಪಾತ್ರಕ್ಕೆ ಗೊತ್ತು ಮಾಡಿದ್ದ ನಟಿ ಬಂದೇ ಇರಲಿಲ್ಲ. ಅಲ್ಲಿ ಇದ್ದದ್ದು, ನಾವು ಪತ್ರಿಕೆಯಲ್ಲಿ ಖಾಲಿ ಜಾಗಕ್ಕೆ ತಾತ್ಕಾಲಿಕವಾಗಿ ಏನಾದರೂ ತುಂಬುವ ಹಾಗೆ, ಅಕ್ಕನ ಮಗಳೇ ಓದಿಟ್ಟ ಧ್ವನಿ. ಬದಲಿಸಲು ಕೈಗೆ ಸಿಗುವಂಥದ್ದು ಅದೊಂದೇ. ಇಬ್ಬರಲ್ಲಿ ಒಬ್ಬರು ಉತ್ತರ ಕೊಟ್ಟರೂ ಸಾಕು ಎಂದು ಹಿರಿಯರು ಒಪ್ಪಿದರು. ಅಂಬಿಗನ ಮಗಳು ಅವಳೇ ಆಗಬೇಕಾಯಿತು.

ಅವಳಿಗಾಗಿ ನಾನು ಉತ್ತರವೊಂದನ್ನು ಬರೆದೆ. ಜಲ ಎಲ್ಲರ ಹಕ್ಕು, ಒಡೆತನಕ್ಕೆ ಮಿತಿಯಿದೆ, ಇತ್ಯಾದಿ. ಸಂಪಾದಕೀಯವಾಗಿ ಅಚ್ಚಿಗೆ ಹೋಗುವಷ್ಟು ಚೆನ್ನಾಗಿತ್ತು. ಅವಳು ಸ್ಟೂಲಿನ ಮೇಲೆ ಕೂತಳು, ಭಾವ ಎದುರು ಕೂತರು. ಗಾಜಿನ ಆಚೆ ರೆಕಾರ್ಡಿಸ್ಟನ ಪಕ್ಕ ನಾನು. ಭಾವ ತಮ್ಮ ಹಳೆಯ ಅರ್ಥವನ್ನು, ಅಲ್ಲಲ್ಲಿ ಇನ್ನಷ್ಟು ಚೂಪು ಮಾಡಿ, ಹೇಳಿ ನಿಲ್ಲಿಸಿದರು. ಅವಳು ನನ್ನ ಕಾಗದ ಓದತೊಡಗಿದಳು. ಎರಡನೆಯ ವಾಕ್ಯಕ್ಕೆ ಭಾವ ಕೈ ಅಡ್ಡ ಮಾಡಿದರು.

"ಇದು ನಿನ್ನ ಮಾಮ ಬರೆದದ್ದು. ಇದಕ್ಕೆ ಉತ್ತರ ನಾನು ಅವನಿಗೆ ಕೊಡ್ತೇನೆ. ನಿನಗೆ ಎಂತ ಹೇಳ್ಲಿಕ್ಕುಂಟು?"

"ಪಪ್ಪಾ, ಮೇರೀ ನೌಕರಿ..."

"ನೌಕರಿ ಅಂಬಿಗನ ಮಗಳಿಗೆ ಇಲ್ಲ. ಅವಳಿಗೆ ನದಿ ಬೇಕು. ಕೇಳು."

ಅವಳು ಕಾಗದವನ್ನು ಮಡಚಿ ಸ್ಟೂಲಿನ ಕೆಳಗಿಟ್ಟಳು. ಆಮೇಲೆ ಆಡಿದ್ದು ಕನ್ನಡ. ಅಡಿಗೆಮನೆಯಿಂದ ಅಪ್ಪನ ವಾದಗಳನ್ನು ಕೇಳಿ ಕೇಳಿ ಬಂದದ್ದು, ನಡುವೆ ಬೇರೆ ಶಬ್ದಗಳನ್ನು ತುಂಬಿಕೊಂಡದ್ದು.

"ಹೌದು. ನೀರು ಗಲೀಜು ಮಾಡಿದ್ದು ನಾವೇ. ಒಪ್ಪಿದೆ. ನೀವು ತಕೊಂಡು ಹೋಗಿ ಒಳಗೆ ಇಟ್ರಿ. ಎಷ್ಟು ವರ್ಷ ಆಯ್ತು?"

"ಸಾವಿರ," ಎಂದರು ಭಾವ.

"ಸಾವಿರ ವರ್ಷದಲ್ಲಿ ಒಂದು ಬಾಲ್ದಿ ನೀರು ಸಾಫ್ ಮಾಡಿದ್ರಾ?"

ಭಾವನ ಬೆನ್ನು ಸ್ವಲ್ಪ ನೆಟ್ಟಗಾಯಿತು. "ರಾಜನಾದವನು ಬಾಲ್ದಿ ಹಿಡಿಯುವುದಿಲ್ಲ."

"ಹಾಂ, ಹಿಡಿಯುದಿಲ್ಲ. ಬರೇ ಕೇಳುದು. ಯಾರು ಮಾಡಿದ್ದು, ಯಾರು ಮಾಡಿದ್ದು. ಕೇಳಿದ್ರೆ ಬಣ್ಣ ಹೋಗ್ತದಾ? ಒಳಗೆ ಈಗ ಯಾವ ಬಣ್ಣ ಉಂಟು, ನೀವು ಹೇಳಿ."

ಭಾವ ಸುಳ್ಳು ಹೇಳಬಹುದಿತ್ತು, ಅರ್ಥಧಾರಿಗೆ ಅದು ಕಷ್ಟವಲ್ಲ. "ತಂದಾಗ ಇದ್ದದ್ದೇ," ಎಂದರು.

"ಗುಲಾಬಿ?"

"ಗುಲಾಬಿ."

"ಹಾಗಾದ್ರೆ ಚಾವಿ ಕೊಡಿ."

"ಕೊಟ್ಟರೆ ನೀವು ಪುನಃ ಹಾಳು ಮಾಡುತ್ತೀರಿ."

"ಮಾಡ್ತೇವೆ ಆಗಿರ್ಬಹುದು. ಮಾಡಿದ್ರೆ ವಾಸನೆ ನಮ್ಮ ಮನೆಗೇ ಬರ್ತದೆ. ನಾವೇ ಬಯ್ಕೊಳ್ತೇವೆ, ನಾವೇ ಹೋಗಿ ಜಗಳ ಮಾಡ್ತೇವೆ. ನಿಮ್ಮ ಕೋಟೆ ಒಳಗೆ ಇದ್ರೆ ಯಾರಿಗೆ ವಾಸನೆ ಬರ್ತದೆ? ಯಾರು ಜಗಳ ಮಾಡ್ತಾರೆ? ನೀವು ಒಬ್ಬರೇ ಕೂತು ಭಾಷಣ ಮಾಡುದು. ಚಾವಿ ಕೊಡಿ, ಪಪ್ಪಾ."

ಭಾವ ಅವಳನ್ನೇ ನೋಡುತ್ತಿದ್ದರು. ಹೋಟೆಲಿನಲ್ಲಿ ಹೊಸದಾಗಿ ಬಂದ ಅಡಿಗೆಯವರ ಸಾಂಬಾರು ಅನಿರೀಕ್ಷಿತವಾಗಿ ಚೆನ್ನಾಗಿದ್ದರೆ ಅವರು ಮಾಡುವ ಮುಖ ಅದು. ಖಾಲಿ ಕೈಯನ್ನು ಮುಂದೆ ಚಾಚಿದರು.

"ತಕೋ," ಎಂದರು.

ಅವಳು ಅವರ ಕೈಯಿಂದ ಏನೋ ತೆಗೆದುಕೊಂಡಳು. ಅಲ್ಲಿ ಏನೂ ಇರಲಿಲ್ಲ. ರೆಕಾರ್ಡಿಸ್ಟ್ ಯಂತ್ರ ನಿಲ್ಲಿಸಿದ. "ಪಪ್ಪಾ" ಎಂಬ ಒಂದು ಶಬ್ದವನ್ನು ಆಮೇಲೆ ಕತ್ತರಿಸಿದ. ಅದಕ್ಕೆ ಅವನಿಗೆ ಕನ್ನಡ ಬರಬೇಕಾಗಿರಲಿಲ್ಲ.

ಪರದೆಯ ಮೇಲಿನ ಬೊಂಬೆಗಳ ತುಟಿಗೂ ಈ ಮಾತುಗಳಿಗೂ ಯಾವ ಹೊಂದಾಣಿಕೆಯೂ ಆಗಲಿಲ್ಲ. ವಿದೇಶದವರಿಗೆ ಕಾರಣ ಮೊದಲೇ ಗೊತ್ತಿತ್ತು, ಕನ್ನಡ ಉದ್ದವಾದ ಭಾಷೆ. ಧ್ವನಿ ಅದ್ಭುತವಾಗಿದೆ, ಅದರಲ್ಲೂ ಆ ಹುಡುಗಿಯದು ಎಂದರು.

ಶಹಾಡಿನ ಹಿರಿಯರು ಅಂಬಿಗನ ಮಗಳಾಗಿ ಇಡೀ ಆಟವನ್ನು ಮತ್ತೆ ಆಡಿ ಕೋಟೆಗೆ ಬಂದರು. ಬಾಲ್ದಿಯ ಮಾತಿಗೆ ತೊಡೆ ತಟ್ಟಿದರು. "ಹಾಂ! ಇದು ಉತ್ತರ! ಮುಚ್ರೀ ಅದನ್ನ, ಆ ದೋಷ ಮುಚ್ರೀ!" ಎಂದರು. ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಪರದೆಯ ಮೇಲೆ, ಚಾವಿ ಸಿಕ್ಕಿದ ಅಂಬಿಗನ ಮಗಳು ಮೂಲದಲ್ಲಿ ಇರುವ ಪ್ರಕಾರ ಕತ್ತಿ ಎಳೆದು ರಾಜನ ಮೇಲೆ ಬಿದ್ದಳು. ಹಿರಿಯರ ಕೈ ನಿಂತಿತು.

"ಏನ್ರೀ ಇದು? ಚಾವಿ ಕೊಟ್ನಲ್ರೀ ಅಂವಾ."

"ಕೊಟ್ಟ, ಸಾರ್."

"ಮತ್ತ ಯಾಕ ಹೊಡಿಯಾಕತ್ತಾಳ? ಇದು ಅನ್ಯಾಯ. ಬರಕೋರಿ."

ಅವಳು ಕಣ್ಣು ತೆರೆದಳು. ನಾನು ಪೆನ್ನು ಹಿಡಿದು, ಯಾವ ದರ್ಜೆಯ ದೋಷ ಎಂದು ಬರೆಯಲಿ ಸಾರ್, ದೊಡ್ಡದೋ ಸಣ್ಣದೋ ಎಂದು ಕೇಳಿದೆ. ಅವರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು, ಇನ್ನೊಮ್ಮೆ ಪರದೆಯನ್ನು ನೋಡಿದರು. ಬಹಳ ಯೋಚಿಸಿದರು.

"ಸಣ್ಣದು ಅಂತ ಬರಕೋರಿ," ಎಂದರು. "ಕೆಲಸ ಆದ ಮ್ಯಾಲೆ ಹೊಡಿಯೋದು ಎಲ್ಲಾ ಕಡೆ ನಡದದ."

ಕನ್ನಡ ಆವೃತ್ತಿ ಪಾಸಾಯಿತು. ಆ ಸಣ್ಣ ದೋಷ ಕಂಪನಿಯ ದೋಷಪಟ್ಟಿಯಲ್ಲಿ ಇಂದಿಗೂ ಅವಳ ಹೆಸರಿನಲ್ಲಿ ತೆರೆದೇ ಇದೆಯಂತೆ. ಆಟ ಮಾರುಕಟ್ಟೆಗೆ ಬಂದ ಮೇಲೆ ಎಷ್ಟು ಜನ ಗುಂಡಿ ಒತ್ತಿ ದಾಟಿದರು, ಎಷ್ಟು ಜನ ಪೂರ್ತಿ ಕೇಳಿದರು ಎಂಬ ಮಾಹಿತಿ ನನಗಿಲ್ಲ.

ನೌಕರಿ ಪರ್ಮನೆಂಟ್ ಆದ ಸುದ್ದಿಯನ್ನು ಹಿಡಿದುಕೊಂಡು ಅವಳು ಮನೆಗೆ ಬಂದ ಸಂಜೆ ನಾನು ಅಲ್ಲೇ ಇದ್ದೆ. ಅಕ್ಕ ಸಜ್ಜಿಗೆ ಮಾಡಿ ತಟ್ಟೆಗಳಿಗೆ ಹಾಕಿದ್ದಳು. ಬಾಲ್ಕನಿಯ ಬಾಗಿಲು ಎಂದಿನಂತೆ ಮುಚ್ಚಿತ್ತು. ಅವಳು ಚಪ್ಪಲಿ ಬಿಡುತ್ತಲೇ "ಹೋ ಗಯಾ!" ಎಂದಳು. ಅಕ್ಕ ಅವಳ ಕೆನ್ನೆ ಸವರಿದಳು. ಭಾವ ಕುರ್ಚಿಯಲ್ಲಿದ್ದರು.

"ಸಂತೋಷ ಆಯ್ತು ಮಗಾ," ಎಂದರು. ಸಂತೋಷ ನಿಜವೇ ಆಗಿತ್ತು, ಧ್ವನಿಯಲ್ಲಿ ಗೊತ್ತಾಗುತ್ತಿತ್ತು. "ಆದರೆ ಒಂದು ಮಾತು. ಚಾವಿ ಕೊಟ್ಟವನನ್ನು ನೀನು ಕೊಂದದ್ದು ಯಾಕೆ?"

"ಪಪ್ಪಾ, ವೋ ಗೇಮ್ ಮೇ ಹೈ. ನಾನು ಕೊಂದದ್ದಲ್ಲ."

"ಕತ್ತಿ ಯಾರ ಕೈಯಲ್ಲಿತ್ತು?"

ಅವಳು ಅಡಿಗೆಮನೆಯ ಕಡೆ ಹೊರಟಿದ್ದವಳು ನಿಂತಳು. ಬ್ಯಾಗನ್ನು ಕೆಳಗಿಟ್ಟಳು. ಇನ್ನೊಂದು ಕುರ್ಚಿಯನ್ನು ಎಳೆದು ಅಪ್ಪನ ಎದುರಿಗೆ ಹಾಕಿಕೊಂಡು ಕೂತಳು.

"ನೋಡಿ," ಎಂದು ಶುರುಮಾಡಿದಳು.

ಅಕ್ಕ ಸಜ್ಜಿಗೆಯನ್ನು ತಟ್ಟೆಗಳಿಂದ ಪುನಃ ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು.